ಸ್ಟೀರಿಂಗ್ ಆಟ: ಮೊದಲು ಹುಡುಕಿ, ಆಮೇಲೆ ಕೊಳ್ಳಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಫೋರ್ ವೀಲ್ ಡ್ರೈವ್ ಗಾಡಿಗಳ ಸ್ಟೀರಿಂಗ್ ಬಗ್ಗೆ. ಮಾರುತಿ ಜಿಪ್ಸಿಯ ತಯಾರಿಕೆ 2019ರಲ್ಲಿ ನಿಂತಿತು. ಹಳೆಯ ಮಾದರಿಯ ಮಹೀಂದ್ರಾ ಜೀಪುಗಳು ಅದಕ್ಕೂ ಎಷ್ಟೋ ಮೊದಲೇ ನಿಂತವು. ಗಾಡಿಗಳು ಮಾತ್ರ ಇನ್ನೂ ಓಡುತ್ತಿವೆ. ಪಾರ್ಟ್ಸ್ ಹುಡುಕುವ ಪಾಡು ಎಲ್ಲರದೂ ಒಂದೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನದು 1998ರ ಜಿಪ್ಸಿ ಕಿಂಗ್. ಪಾರ್ಲೆ ಟೋಲ್ ಕಡೆಯಿಂದ ಪೀಣ್ಯ ಫ್ಲೈಓವರ್ ಹತ್ತಿ 60 ಕಿ.ಮೀ. ವೇಗ ಮುಟ್ಟಿದರೆ ಸಾಕು, ಸೇತುವೆಯ ಜಾಯಿಂಟ್ ದಾಟುವಾಗ ಸ್ಟೀರಿಂಗ್ ಗಡಗಡ ನಡುಗುತ್ತದೆ. ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದೆ. ಎರಡು ತಿಂಗಳು ಚೆನ್ನಾಗಿತ್ತು, ಈಗ ಮತ್ತೆ ಶುರುವಾಗಿದೆ. ಸ್ಟೀರಿಂಗ್ ಬಾಕ್ಸನ್ನೇ ಬದಲಾಯಿಸಬೇಕೆ?
– ಓದುಗರು, ನಾಗಸಂದ್ರ

ಉತ್ತರ: ಬಾಕ್ಸಿಗೆ ಈಗಲೇ ದುಡ್ಡು ಹಾಕಬೇಡಿ. ಡ್ಯಾಂಪರ್ ನಡುಕವನ್ನು ಹೀರಿಕೊಳ್ಳುತ್ತದೆಯೇ ಹೊರತು ನಡುಕದ ಕಾರಣವನ್ನು ತೆಗೆಯುವುದಿಲ್ಲ. ಜ್ವರಕ್ಕೆ ತಣ್ಣೀರು ಬಟ್ಟೆ ಹಾಕಿದ ಹಾಗೆ. ಒಳಗಿನ ಸವೆತ ಹೆಚ್ಚಾದಂತೆ ಹೊಸ ಡ್ಯಾಂಪರೂ ಸೋಲುತ್ತದೆ.

ಮೊದಲು ಟೈರಿನ ಗಾಳಿ ಮತ್ತು ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಅದು ಸರಿಯಿದ್ದರೆ ಈ ಪರೀಕ್ಷೆ ಮಾಡಿ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ. ಮನೆಯವರೊಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಒಂದೆರಡು ಇಂಚು ಆಡಿಸುತ್ತಿರಲಿ. ನೀವು ಮುಂದಿನಿಂದ ಕೆಳಗೆ ಬಗ್ಗಿ, ಸ್ಟೀರಿಂಗ್ ಬಾಕ್ಸಿಗೆ ಸೇರಿದ ಪಿಟ್‌ಮನ್ ಆರ್ಮ್‌ನಿಂದ ಶುರು ಮಾಡಿ ಒಂದೊಂದೇ ಜಾಯಿಂಟಿನ ಮೇಲೆ ಅಂಗೈ ಇಡುತ್ತಾ ಹೋಗಿ. ಸವೆದ ಬಾಲ್ ಜಾಯಿಂಟ್ ಅಂಗೈಗೆ ‘ಟಕ್’ ಎಂದು ಬಡಿಯುತ್ತದೆ. ಕಣ್ಣಿಗೆ ಕಾಣದ ಆಟ ಕೈಗೆ ಸಿಗುತ್ತದೆ.

ಆಮೇಲೆ, ಮುಂದಿನ ಚಕ್ರವನ್ನು ಜಾಕ್‌ನಿಂದ ಮೇಲೆತ್ತಿ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಡಿ. ಚಕ್ರದ ಮೇಲ್ಭಾಗ ಮತ್ತು ಕೆಳಭಾಗ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ, ಒಳಗೆ ಕುಳಿತವರಿಗೆ ಬ್ರೇಕ್ ಒತ್ತಲು ಹೇಳಿ ಇನ್ನೊಮ್ಮೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ವೀಲ್ ಬೇರಿಂಗ್ ಲೂಸ್. ಆಗಲೂ ಉಳಿದರೆ ಕಿಂಗ್ ಪಿನ್ ಬೇರಿಂಗ್ ಹೋಗಿದೆ. ನೀವು ಹೇಳುವ ಲಕ್ಷಣಕ್ಕೆ ನನ್ನ ಮೊದಲ ಅನುಮಾನ ಈ ಕಿಂಗ್ ಪಿನ್ ಬೇರಿಂಗ್ ಮೇಲೆ, ಎರಡನೆಯದು ಟೈ ರಾಡ್ ಎಂಡ್ ಮೇಲೆ. ಲೀಫ್ ಸ್ಪ್ರಿಂಗಿನ ಬುಷ್‌ಗಳನ್ನೂ ಮರೆಯದೆ ನೋಡಿ.

ಅಲ್ಲಿಯವರೆಗೆ ದಾರಿಯಲ್ಲಿ ನಡುಕ ಬಂದರೆ ಗಾಬರಿಯಿಂದ ಬ್ರೇಕ್ ತುಳಿಯಬೇಡಿ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ವೇಗ ತಾನಾಗಿ ಇಳಿಯಲು ಬಿಡಿ.

ಪ್ರಶ್ನೆ: ಜಿಪ್ಸಿಗೆ ಟೈ ರಾಡ್ ಎಂಡ್ ಕೊಳ್ಳಲು ಜೆ.ಸಿ. ರಸ್ತೆಗೆ ಹೋದರೆ ಒಂದೊಂದು ಅಂಗಡಿಯಲ್ಲಿ ಒಂದೊಂದು ರೇಟು. ಯಾವುದನ್ನು ನಂಬುವುದು? ಒಂದು ಹೋದರೆ ನಾಲ್ಕನ್ನೂ ಬದಲಿಸಬೇಕೆ?
– ಓದುಗರು, ದಾಸರಹಳ್ಳಿ

ಉತ್ತರ: ರೇಟು ಕೇಳುವ ಮೊದಲು ನಿಮ್ಮ ಗಾಡಿ ಯಾವುದೆಂದು ಖಚಿತ ಮಾಡಿಕೊಳ್ಳಿ. 1985ರಲ್ಲಿ ಬಂದ ಮೊದಲ ಜಿಪ್ಸಿಯ ಚಕ್ರಗಳ ನಡುವಿನ ಅಗಲ ಕಡಿಮೆ. 1993ರಲ್ಲಿ ವೈಡ್ ಟ್ರ್ಯಾಕ್ ಬಂದಾಗ ಆ ಅಗಲ 90 ಮಿ.ಮೀ. ಹೆಚ್ಚಿತು. 1996ರಿಂದ ಬಂದ 1.3 ಲೀಟರಿನ ಕಿಂಗ್ ಕೂಡ ವೈಡ್ ಟ್ರ್ಯಾಕೇ. ‘ಜಿಪ್ಸಿದು ಕೊಡಿ’ ಎಂದಷ್ಟೇ ಕೇಳಿದರೆ ಅಂಗಡಿಯವರು ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಆರ್‌ಸಿಯ ಪ್ರತಿ ಮತ್ತು ಬಿಚ್ಚಿದ ಹಳೆಯ ಪಾರ್ಟ್ ಎರಡನ್ನೂ ಒಯ್ಯಿರಿ. ಉದ್ದ, ಟೇಪರಿನ ದಪ್ಪ ಮತ್ತು ಥ್ರೆಡ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಒಂದು ತುದಿಯ ಥ್ರೆಡ್ ಬಲಕ್ಕೆ ತಿರುಗಿದರೆ ಇನ್ನೊಂದು ತುದಿಯದು ಎಡಕ್ಕೆ ತಿರುಗುತ್ತದೆ. ಎರಡೂ ಬಲದ್ದೇ ತಂದರೆ ಕೂರುವುದಿಲ್ಲ.

ಮಾರುತಿಯ ಜೆನ್ಯೂನ್ ಪಾರ್ಟ್ ಸಿಕ್ಕಿದರೆ ಅದೇ ಮೊದಲ ಆಯ್ಕೆ. ಇಲ್ಲದಿದ್ದರೆ ಸ್ಟೀರಿಂಗ್ ಲಿಂಕೇಜನ್ನೇ ಕಸುಬಾಗಿ ಮಾಡಿಕೊಂಡ ಚೆನ್ನೈನ ರಾಣೆಯಂಥ ಕಂಪನಿಯ ಮಾಲು ನೋಡಿ. ಬಿಲ್ ಇಲ್ಲದೆ ಕೊಳ್ಳಬೇಡಿ. ಹೊಸ ಜಾಯಿಂಟಿನ ಪಿನ್ನನ್ನು ಬೆರಳಿನಿಂದ ತಿರುಗಿಸಿ ನೋಡಿ: ಬಿಗಿಯಾಗಿ, ಒಂದೇ ಸಮನಾಗಿ ತಿರುಗಬೇಕು. ಸಡಿಲವಾಗಿ ತೂಗಾಡಿದರೆ ಕೌಂಟರಿನಲ್ಲೇ ವಾಪಸ್ ಕೊಡಿ. ರಬ್ಬರ್ ಬೂಟಿನಲ್ಲಿ ಬಿರುಕಿದ್ದರೂ ಬೇಡ. ಬೂಟ್ ಹರಿದರೆ ನೀರು, ಮಣ್ಣು ಒಳಗೆ ಹೋಗಿ ಜಾಯಿಂಟ್ ಬೇಗ ಸವೆಯುತ್ತದೆ.

ಟೈ ರಾಡಿನ ಎರಡು ತುದಿಗಳನ್ನು ಜೊತೆಯಾಗಿಯೇ ಬದಲಿಸಿ. ಅವು ಒಟ್ಟಿಗೇ ಸವೆದಿರುತ್ತವೆ. ಪಿಟ್‌ಮನ್ ಆರ್ಮ್‌ನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕಿನ ಎರಡು ತುದಿಗಳು ಮೇಲೆ ಹೇಳಿದ ಅಂಗೈ ಪರೀಕ್ಷೆಯಲ್ಲಿ ಪಾಸಾದರೆ ಹಾಗೇ ಇರಲಿ.

ಜಾಯಿಂಟಿನ ನಟ್ಟಿಗೆ ಹೊಸ ಸ್ಪ್ಲಿಟ್ ಪಿನ್ ಕಡ್ಡಾಯ. ನಮ್ಮ ಶೆಡ್ಡಿಗೆ ಬಂದ ಒಂದು ಜಿಪ್ಸಿಯಲ್ಲಿ ಪಿನ್ನಿನ ಜಾಗದಲ್ಲಿ ಸೆಂಟ್ರಿಂಗ್ ಕಟ್ಟುವ ತಂತಿ ಸುತ್ತಿದ್ದರು. ತಂತಿ ತುಂಡಾಗಿ, ನಟ್ಟು ಮೂರು ಸುತ್ತು ಬಿಚ್ಚಿಕೊಂಡಿತ್ತು. ಆ ಗಾಡಿಯನ್ನು ಓಡಿಸಿಕೊಂಡು ಬಂದವರ ಜೊತೆ ಇಬ್ಬರು ಮಕ್ಕಳಿದ್ದರು. ಪಿನ್ನಿನ ತೂತು ನೇರಕ್ಕೆ ಬರದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿ ಮಾಡಿ ತೂತಿಗೆ ಹೊಂದಿಸಬೇಕು. ಸಡಿಲ ಮಾಡಿ ಹೊಂದಿಸಬಾರದು.

ಕೆಲಸ ಮುಗಿದ ಮೇಲೆ ಟೋ-ಇನ್ ಅಳತೆ ಮಾಡಿಸಿ. ಜಿಪ್ಸಿಯ ಮುಂದಿನದು ಒಂದೇ ತುಂಡಿನ ಗಟ್ಟಿ ಆಕ್ಸಲ್. ಅಲೈನ್‌ಮೆಂಟ್ ಅಂಗಡಿಯಲ್ಲಿ ಅದರ ಟೋ ಮಾತ್ರ ಹೊಂದಿಸಬಹುದು.

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಹಳೆಯ ಸಿಜೆ ಮಾದರಿಯ ಮಹೀಂದ್ರಾ ಜೀಪಿದೆ. ಸ್ಟೀರಿಂಗ್ ಕಾಲು ಸುತ್ತು ತಿರುಗಿದರೂ ಚಕ್ರ ಅಲ್ಲಾಡುತ್ತಿರಲಿಲ್ಲ. ಮೆಕ್ಯಾನಿಕ್ ಬಾಕ್ಸಿನ ಸ್ಕ್ರೂ ಬಿಗಿ ಮಾಡಿದರು. ಈಗ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರವಾಗುವುದಿಲ್ಲ.
– ಓದುಗರು, ಮೂಡಿಗೆರೆ

ಉತ್ತರ: ನಾವು ಹೆಚ್ಚು ಹೊತ್ತು ನೇರಕ್ಕೇ ಓಡಿಸುವುದರಿಂದ ಬಾಕ್ಸಿನ ಒಳಭಾಗ ಹೆಚ್ಚು ಸವೆಯುವುದು ನಡುವಿನಲ್ಲಿ. ಆ ಸವೆತ ಮುಚ್ಚುವಷ್ಟು ಸ್ಕ್ರೂ ಬಿಗಿದರೆ, ಸವೆಯದ ಅಕ್ಕಪಕ್ಕದ ಭಾಗ ತಿರುವಿನಲ್ಲಿ ಕಚ್ಚಿಕೊಳ್ಳುತ್ತದೆ. ಘಾಟಿಯ ತಿರುವಿನಲ್ಲಿ ಇದು ಅಪಾಯ. ಸ್ಕ್ರೂವನ್ನು ಇವತ್ತೇ ಸಡಿಲ ಮಾಡಿಸಿ.

ಬಳಿಕ ಬೆಲ್ ಕ್ರ್ಯಾಂಕ್ ನೋಡಿ. ನಿಮ್ಮದರಂಥ ವಿಲ್ಲೀಸ್ ವಿನ್ಯಾಸದ ಜೀಪುಗಳಲ್ಲಿ ಎರಡು ಟೈ ರಾಡ್‌ಗಳು ಸೇರುವ ಜಾಗದಲ್ಲಿ, ಮುಂದಿನ ಕ್ರಾಸ್ ಮೆಂಬರ್ ಮೇಲೆ ತಿರುಗುವ ತುಂಡು ಅದು. ಅದರ ಪಿನ್ ಸವೆದರೆ ಆಟ ಎರಡೂ ಚಕ್ರಕ್ಕೆ ಹೋಗುತ್ತದೆ. ಪಿನ್ನು, ಬೇರಿಂಗು ಎರಡನ್ನೂ ಒಟ್ಟಿಗೇ ಹೊಸದು ಹಾಕಿ. ಸವೆದ ಪಿನ್ನಿನ ಮೇಲೆ ಹೊಸ ಬೇರಿಂಗ್ ನಿಲ್ಲುವುದಿಲ್ಲ. ಮಳೆಗಾಲದ ಕೆಸರು ಕಂಡ ಗಾಡಿಗೆ ತಪ್ಪದೆ ಗ್ರೀಸ್ ಹೊಡೆಸಿ. ಇಷ್ಟಾದ ಮೇಲೂ ಆಟ ಉಳಿದರೆ ಆಗ ಬಾಕ್ಸ್ ಬಿಚ್ಚಿ.

ಪ್ರಶ್ನೆ: ಕಲ್ಲಿಗೆ ಬಡಿದು ಟೈ ರಾಡ್ ಬಾಗಿದೆ. ಪರಿಚಯದ ವರ್ಕ್‌ಶಾಪಿನವರು ನೇರ ಮಾಡಿ, ಮೇಲೆ ಪೈಪ್ ಹಾಕಿ ವೆಲ್ಡ್ ಮಾಡಿಕೊಡುತ್ತೇವೆ ಎನ್ನುತ್ತಾರೆ. ಗುಜರಿಯಲ್ಲೂ ಒಂದು ಸಿಗುತ್ತಿದೆ. ಯಾವುದು ಮೇಲು?
– ಓದುಗರು, ಯಲಹಂಕ

ಉತ್ತರ: ವೆಲ್ಡಿಂಗ್ ಖಂಡಿತ ಬೇಡ. ಒಮ್ಮೆ ಬಾಗಿದ ರಾಡಿನ ಬಲ ಕುಂದಿರುತ್ತದೆ, ವೆಲ್ಡಿನ ಶಾಖ ಪಕ್ಕದ ಲೋಹವನ್ನು ಪೆಡಸು ಮಾಡುತ್ತದೆ. ಪೀಣ್ಯದ ಲೇತ್ ಕೆಲಸಗಾರರ ಕೈಚಳಕದ ಮೇಲೆ ನನಗೆ ಗೌರವವಿದೆ. ಆದರೆ ಈ ಪಾರ್ಟ್ ಅಂಥ ರಿಪೇರಿಗೆ ಒಗ್ಗುವುದಲ್ಲ. ಹೊಸ ರಾಡೇ ಮೇಲು. ಗುಜರಿಯಿಂದ ಕ್ಲ್ಯಾಂಪು, ಬ್ರ್ಯಾಕೆಟ್ಟು ತನ್ನಿ. ಬಾಲ್ ಜಾಯಿಂಟ್, ಟೈ ರಾಡ್, ಪಿಟ್‌ಮನ್ ಆರ್ಮ್ ತರಬೇಡಿ. ಅವು ಯಾವ ಪೆಟ್ಟು ತಿಂದು ಅಲ್ಲಿಗೆ ಬಂದಿವೆಯೋ ಯಾರಿಗೂ ಗೊತ್ತಿರುವುದಿಲ್ಲ.

ಪ್ರಶ್ನೆ: ಜಿಪ್ಸಿಯನ್ನು ಎತ್ತರಿಸಿ ದೊಡ್ಡ ಟೈರ್ ಹಾಕಿಸಿದೆ. ಗುಂಡಿಗೆ ಇಳಿದಾಗಲೆಲ್ಲ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಯಾವ ಪಾರ್ಟ್ ಹಾಕಲಿ?
– ಓದುಗರು, ಹೆಬ್ಬಾಳ

ಉತ್ತರ: ಪಾರ್ಟ್ ಹಾಕುವ ಬದಲು ಹಾಕಿದ್ದನ್ನು ತೆಗೆಯಿರಿ. ಗಾಡಿ ಎತ್ತರವಾದಾಗ ಡ್ರ್ಯಾಗ್ ಲಿಂಕ್ ಇಳಿಜಾರಾಗುತ್ತದೆ. ಆಗ ಸ್ಪ್ರಿಂಗ್ ಕುಗ್ಗಿದಾಗಲೆಲ್ಲ ಅದು ಚಕ್ರವನ್ನು ತಿರುಗಿಸುತ್ತದೆ. ದೊಡ್ಡ ಟೈರಿನ ಭಾರಕ್ಕೆ ಜಾಯಿಂಟ್‌ಗಳೂ ಬೇಗ ಸವೆಯುತ್ತವೆ. ಕಂಪನಿಯ ವಿನ್ಯಾಸವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಡೆಯೂ ಇದೆ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಹೋದಾಗ ಇದು ತೊಂದರೆ ಕೊಡುತ್ತದೆ.

ಎಲ್ಲ ಓದುಗರಲ್ಲಿ ಒಂದು ಕೋರಿಕೆ. ಎಂಜಿನ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಸ್ಟೀರಿಂಗ್ ಜಾಯಿಂಟ್ ಕಳಚಿದರೆ ಗಾಡಿ ನಿಲ್ಲುವುದಿಲ್ಲ, ಎತ್ತಲೋ ಹೋಗುತ್ತದೆ. ಮುಂದಿನ ಪ್ರಯಾಣಕ್ಕೆ ಮೊದಲು ಮನೆಯವರೊಬ್ಬರನ್ನು ಸ್ಟೀರಿಂಗ್ ಹಿಂದೆ ಕೂರಿಸಿ, ಪ್ರತಿ ಜಾಯಿಂಟಿನ ಮೇಲೂ ನಿಮ್ಮ ಕೈ ಇಟ್ಟು ನೋಡಿ. ಅರ್ಧ ಗಂಟೆ ಸಾಕು.