ವೈರಸ್ ಜಾಡು: ಜೀನೋಮ್ ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ

ವೈರಸ್ ತನ್ನ ಜೀನೋಮನ್ನು ನಕಲು ಮಾಡಿಕೊಳ್ಳುವಾಗ ಆಗೊಂದು ಈಗೊಂದು ಅಕ್ಷರ ತಪ್ಪುತ್ತದೆ. ಉಳಿದುಕೊಂಡ ತಪ್ಪು ಮುಂದಿನ ಪೀಳಿಗೆಗಳಿಗೂ ಸಾಗುತ್ತದೆ. ಇಂಥ ತಪ್ಪುಗಳನ್ನು ಹೋಲಿಸಿದರೆ ಸೋಂಕು ಹರಡಿದ ದಾರಿಯ ಅಂದಾಜು ಸಿಗುತ್ತದೆ. 2014ರ ಎಬೋಲಾ ಹಾವಳಿಯಲ್ಲಿ ಸಿಯೆರಾ ಲಿಯೋನ್‌ನ 78 ರೋಗಿಗಳಿಂದ ಪಡೆದ 99 ಜೀನೋಮ್‌ಗಳು, ಸೋಂಕು ಪ್ರಾಣಿಗಳಿಂದ ಮತ್ತೆ ಮತ್ತೆ ಬರುತ್ತಿಲ್ಲ, ಮನುಷ್ಯರಿಂದ ಮನುಷ್ಯರಿಗೇ ಹಬ್ಬುತ್ತಿದೆ ಎಂದು ತೋರಿಸಿದ್ದು ಹೀಗೆಯೇ.

ಮೊದಲ ಹಂತ ಮಾದರಿಯ ಆಯ್ಕೆ. ಆರ್‌ಟಿ-ಪಿಸಿಆರ್ ವರದಿಯಲ್ಲಿ ಸಿಟಿ ಸಂಖ್ಯೆ ಕಡಿಮೆಯಿದ್ದಷ್ಟೂ ವೈರಸ್ ಹೆಚ್ಚು. ಕೊರೊನಾ ಮಾದರಿಗಳಲ್ಲಿ ಅದು 25ರೊಳಗಿದ್ದರೆ ಒಳ್ಳೆಯದು. 30 ದಾಟಿದರೆ ಜೀನೋಮ್ ಅರೆಬರೆಯಾಗಿ ಸಿಗುವುದೇ ಹೆಚ್ಚು. ಗಂಟಲು ದ್ರವ ತೆಗೆದ ದಿನಾಂಕ ಮತ್ತು ಊರಿನ ಹೆಸರು ಜೊತೆಗಿರಲೇಬೇಕು. ಆ ಜಾಗದಲ್ಲಿ ವರದಿ ಬಂದ ದಿನಾಂಕ ತುಂಬಿದರೆ ಮುಂದಿನ ಲೆಕ್ಕವೆಲ್ಲ ತಲೆಕೆಳಗು.

ನಂತರ ಆರ್‌ಎನ್‌ಎ ಬೇರ್ಪಡಿಸಿ, ಡಿಎನ್‌ಎಗೆ ಬದಲಿಸಿ, ಸುಮಾರು 400 ಅಕ್ಷರಗಳ ತುಂಡುಗಳಾಗಿ ವೃದ್ಧಿಸಿ ಯಂತ್ರದಲ್ಲಿ ಓದಿಸಬೇಕು. ಓದಿದ್ದನ್ನು ವುಹಾನ್‌ನ ಮೂಲ ಕೊರೊನಾ ಜೀನೋಮಿಗೆ ಹೊಂದಿಸಿ ಜೋಡಿಸಲಾಗುತ್ತದೆ. ಓದಲಾಗದ ಜಾಗಕ್ಕೆ ‘ಎನ್’ ಎಂದೇ ಬರೆಯಬೇಕು. ಮೂಲದ ಅಕ್ಷರ ತುಂಬುವುದು ಊಹೆಯನ್ನು ಸಾಕ್ಷ್ಯವೆಂದು ಬರೆದಂತೆ.

ಮೂರನೆಯದು ತಳಿ ಗುರುತಿಸಿ ವಂಶವೃಕ್ಷ ಬಿಡಿಸುವುದು. ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ. ಇಬ್ಬರಲ್ಲೂ ಒಂದೇ ಜೀನೋಮ್ ಸಿಕ್ಕಿತು, ಆದ್ದರಿಂದ ಇವರಿಂದಲೇ ಅವರಿಗೆ ಬಂತು ಎಂದು ತೀರ್ಮಾನಿಸಿಬಿಡುತ್ತಾರೆ. ಕೊರೊನಾ ಜೀನೋಮಿನಲ್ಲಿರುವುದು ಸುಮಾರು 30,000 ಅಕ್ಷರ. ಹರಡುವ ಒಂದು ಸರಪಳಿಯಲ್ಲಿ ತಿಂಗಳಿಗೆ ಬದಲಾಗುವುದು ಸರಾಸರಿ ಎರಡು. ಸೋಂಕೋ, ಕೆಲವೇ ದಿನಗಳಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಎರಡು ಮೂರು ಜನರನ್ನು ದಾಟಿದ ಮೇಲೂ ಜೀನೋಮ್ ಒಂದಕ್ಷರವೂ ಕದಲದೆ ಉಳಿದಿರಬಹುದು. ಗಂಡನಿಂದ ಹೆಂಡತಿಗೆ ಅಂಟಿತೋ, ಹೆಂಡತಿಯಿಂದ ಗಂಡನಿಗೋ, ಇಬ್ಬರಿಗೂ ಮದುವೆ ಮನೆಯಲ್ಲಿ ಮೂರನೆಯವರಿಂದಲೋ? ಮೂರು ಕಥೆಗೂ ಒಂದೇ ವೃಕ್ಷ ಬರಬಹುದು. ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಕರ್ನಾಟಕದಿಂದ ಪ್ರಕಟವಾದಾಗ, ಒಬ್ಬರಿಗೆ ವಿದೇಶ ಪ್ರಯಾಣದ ಹಿನ್ನೆಲೆಯೇ ಇರಲಿಲ್ಲ. ತಳಿ ಯಾವುದೆಂದು ಜೀನೋಮ್ ಹೇಳಿತು. ಯಾರಿಂದ ಬಂತೆಂಬ ಪ್ರಶ್ನೆ ಅದರ ವ್ಯಾಪ್ತಿಗೆ ಸೇರಿದ್ದಲ್ಲ.

ತದ್ವಿರುದ್ಧ ದಿಕ್ಕಿನಲ್ಲಿ ಮಾತ್ರ ಗಟ್ಟಿಯಾಗಿ ಮಾತಾಡಬಹುದು. ಒಂದೇ ವಾರದಲ್ಲಿ ಸೋಂಕಿತರಾದ ಇಬ್ಬರ ಜೀನೋಮ್‌ಗಳಲ್ಲಿ ಹತ್ತು ಅಕ್ಷರ ಬೇರೆಯಿದ್ದರೆ, ಒಬ್ಬರಿಂದ ಇನ್ನೊಬ್ಬರಿಗೆ ನೇರವಾಗಿ ಬಂದಿರುವ ಸಂಭವ ತೀರಾ ಕಡಿಮೆ. ನಂಟನ್ನು ತಳ್ಳಿಹಾಕಲು ಜೀನೋಮ್ ಒಳ್ಳೆಯ ಸಾಧನ. ಬೆರಳು ತೋರಿಸಲು ಅಲ್ಲ. ‘ಸೋಂಕು ತಂದವರು’ ಎಂದು ಯಾರನ್ನೋ ಹೆಸರಿಸುವ ಸುದ್ದಿ ಬಹುತೇಕ ಅನ್ಯಾಯದ ಸುದ್ದಿ.

ಕೊನೆಯ ಹಂತದಲ್ಲಿ ವೃಕ್ಷವನ್ನು ಸಂಪರ್ಕಿತರ ಪಟ್ಟಿ, ಪ್ರಯಾಣದ ವಿವರ, ರೋಗಲಕ್ಷಣ ಕಂಡ ದಿನಗಳ ಜೊತೆ ಇಟ್ಟು ನೋಡಬೇಕು. ಆಮೇಲೆ ಜೀನೋಮನ್ನು ಜಿಸೈಡ್‌ನಂಥ ದತ್ತಾಂಶ ಕೋಶಕ್ಕೆ ತಡಮಾಡದೆ ಸೇರಿಸಬೇಕು. ಮಾದರಿಯನ್ನೇ ಕಳಿಸದ ಜಿಲ್ಲೆ ವೃಕ್ಷದಲ್ಲಿ ಕಾಣಿಸುವುದಿಲ್ಲ. ಅಲ್ಲಿ ಸೋಂಕಿಲ್ಲವೆಂದು ಅದರರ್ಥವಲ್ಲ.