ಕರಪತ್ರ ಹಂಚುವ ತಮ್ಮ

ಪುಣೆಯ ಸ್ವಾರಗೇಟ್ ಬಳಿ ಕ್ರಿಸ್ತನ ಕರಪತ್ರ ಹಂಚಿದ ಮಾತ್ರಕ್ಕೆ ನಿಮ್ಮ ತಮ್ಮ ಅಪರಾಧಿಯಾಗುವುದಿಲ್ಲ, ತಾಯಿ. ಸಂವಿಧಾನದ 19ನೇ ವಿಧಿ ಮಾತಿಗೆ, 25ನೇ ವಿಧಿ ಧರ್ಮಪ್ರಚಾರಕ್ಕೆ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲವೆಂದು 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪ್ರಚಾರಕ್ಕೂ ಮತಾಂತರಕ್ಕೂ ನಡುವಿನ ಗೆರೆ ಬಲು ತೆಳು. ಆ ತೀರ್ಪಿಗೆ ನನ್ನದಂತೂ ಪೂರ್ತಿ ಒಪ್ಪಿಗೆಯಿಲ್ಲ. ಬೇಡವೆಂದವರ ಬೆನ್ನು ಹತ್ತುವುದು, ದುಡ್ಡಿನ ಆಸೆ ತೋರಿಸುವುದು, ಬೇರೆ ದೇವರನ್ನು ಹೀಯಾಳಿಸುವುದು ಸುತರಾಂ ಕೂಡದು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ಯಾರಾದರೂ ಸುತ್ತುವರಿದರೆ ವಾದಕ್ಕಿಳಿಯದೆ 112ಕ್ಕೆ ಕರೆ ಮಾಡಲಿ.

ಮನೆ ಮರ್ಯಾದೆಯ ಮಾತೆತ್ತಿದ್ದೀರಿ. ಇದು ನಿಮ್ಮೊಬ್ಬರ ಮನೆಯ ಜಗಳವಲ್ಲ. ನಮ್ಮ ಕರ್ನಾಟಕದ ಗಂಗಾಮೂಲದಲ್ಲಿ ಹುಟ್ಟಿ ಕ್ರೈಸ್ತರಾಗಿದ್ದ ಪಂಡಿತಾ ರಮಾಬಾಯಿ 1890ರಲ್ಲಿ ವಿಧವೆಯರ ಶಾಲೆಯಾದ ಶಾರದಾ ಸದನವನ್ನು ಇದೇ ಪುಣೆಗೆ ತಂದರು. ಮೂರೇ ವರ್ಷದಲ್ಲಿ ಮತಾಂತರದ ಆರೋಪ ಎದ್ದು ಊರೇ ಕಾವೇರಿತು. ಜಗಳ ಹಳೆಯದು. ತಮ್ಮನನ್ನು ಭಾನುವಾರದ ಊಟಕ್ಕೆ ಕರೆಯುವುದನ್ನು ಮಾತ್ರ ನಿಲ್ಲಿಸಬೇಡಿ.