ತಾನೇ ಹೊತ್ತಿಕೊಳ್ಳುವ ಒಲೆ

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನವುಲೆ ಇದೆಯಲ್ಲ, ಎಂಜಿನಿಯರಿಂಗ್ ಕಾಲೇಜು, ಕೃಷಿ ಕಾಲೇಜು ಎರಡೂ ಇರುವ ಕಡೆ, ಅಲ್ಲಿ ನನ್ನ ಮಾವ ಅತ್ತೆ ಒಂದು ಮೆಸ್ ನಡೆಸುತ್ತಾರೆ. ಅವರದು ಪೆಲೆಟ್ ಒಲೆ. ಈ ವರ್ಷ ಆ ಹಳೇ ಒಲೆಗೆ ಕರೆಂಟಿನಿಂದ ಬೆಂಕಿ ಹೊತ್ತಿಸುವ ರಾಡು ಹಾಕಿಸಿದರು. ಮೊದಲ ಸಲ ಅದು ಕೆಟ್ಟಿತು, ಎರಡನೇ ಸಲ ಸರಿಯಾಯಿತು. ಯಾಕೆ ಕೆಟ್ಟಿತು ಅನ್ನೋದೇ ಇದರಲ್ಲಿ ಕಲಿಯುವ ಪಾಠ. ರಜೆಯಲ್ಲಿ ಅಲ್ಲೇ ಇದ್ದು ನೋಡಿದ್ದನ್ನು ಬರೆದಿದ್ದೇನೆ.

ಪೆಲೆಟ್ ನೋಡದವರಿಗೆ ಹೇಳುತ್ತೇನೆ. ಮರದ ಹೊಟ್ಟು, ಕಡಲೆಕಾಯಿ ಸಿಪ್ಪೆ ಇಂಥದ್ದನ್ನು ಒಣಗಿಸಿ, ಪುಡಿ ಮಾಡಿ, ಯಂತ್ರದಲ್ಲಿ ಒತ್ತಿ ಮಾಡಿದ ಗಟ್ಟಿ ತುಂಡು ಅದು. ದಪ್ಪ ಪೆನ್ಸಿಲ್ಲಿನಷ್ಟೇ, 6ರಿಂದ 8 ಮಿಲಿಮೀಟರ್. ಕರ್ನಾಟಕಕ್ಕೆ ಇದು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಬಿ.ಪಿ. ಕಂಪನಿಯವರೂ ಸೇರಿ ತಯಾರಿಸಿದ 'ಊರ್ಜಾ' ಎಂಬ ಪೆಲೆಟ್ ಒಲೆ 2006ರಲ್ಲಿ ಮಾರಾಟಕ್ಕೆ ಬಂತು. ಅದರಲ್ಲಿ ಬ್ಯಾಟರಿಯಿಂದ ತಿರುಗುವ ಪುಟ್ಟ ಫ್ಯಾನ್ ಇತ್ತು. ಲಕ್ಷಗಟ್ಟಲೆ ಮನೆಗಳು ಕೊಂಡವು. ಆಮೇಲೆ ಪೆಲೆಟ್ ದರ ಏರಿದ್ದರಿಂದ ಎಷ್ಟೋ ಮನೆಯವರು ಬಿಟ್ಟುಬಿಟ್ಟರು, ವ್ಯಾಪಾರ ಹೋಟೆಲ್ಲುಗಳ ಕಡೆ ತಿರುಗಿತು. ಮಾವನ ಒಲೆ ಆ ಕಂಪನಿಯದಲ್ಲ, ಆದರೆ ಉರಿಯುವ ರೀತಿ ಅದೇ.

ಆ ರೀತಿ ನಮ್ಮ ಮನೆಯ ಸೌದೆ ಒಲೆಗಿಂತ ಪೂರಾ ಉಲ್ಟಾ. ಸೌದೆ ಒಲೆಗೆ ಕೆಳಗಿಂದ ಬೆಂಕಿ ಕೊಡುತ್ತೇವೆ. ಪೆಲೆಟ್ ಒಲೆಯಲ್ಲಿ ಕಬ್ಬಿಣದ ಕೊಳಗದಂಥ ಪಾತ್ರೆಗೆ ಮೂರು ನಾಲ್ಕು ಕೆ.ಜಿ. ಒಟ್ಟಿಗೇ ತುಂಬಿ, ಮೇಲ್ಗಡೆ ಬೆಂಕಿ ಹಚ್ಚಬೇಕು. ಬೆಂಕಿ ಮೇಲಿಂದ ನಿಧಾನ ಕೆಳಗೆ ಇಳಿಯುತ್ತೆ. ಬ್ಲೋಯರಿನ ಗಾಳಿ ಸ್ವಲ್ಪ ತಳದ ಜಾಲರಿಯಿಂದ ಮೇಲೇರಿ ಬರುತ್ತೆ, ಉಳಿದದ್ದು ಬಾಯಿಯ ಸುತ್ತ ಇರುವ ತೂತುಗಳಿಂದ ನುಗ್ಗುತ್ತೆ. ಕಾದ ಪೆಲೆಟ್ಟಿನಿಂದ ಹೊರಡುವ ಹೊಗೆ ಮೇಲಿರುವ ಕೆಂಡದ ಪದರ ದಾಟಿಯೇ ಬರಬೇಕು. ಬಂದ ಕೂಡಲೇ ತೂತಿನ ಹೊಸ ಗಾಳಿ ಸಿಕ್ಕಿ ಭಗ್ಗನೆ ಉರಿಯುತ್ತೆ. ಹೊಗೆ ಅಂದರೆ ಉರಿಯದೆ ತಪ್ಪಿಸಿಕೊಂಡ ಸೌದೆ ಅಂತ ನಮ್ಮ ವಿಜ್ಞಾನ ಮೇಷ್ಟ್ರು ಹೇಳಿದ್ದು ಇದನ್ನೇ. ಈ ಒಲೆಯಲ್ಲಿ ಆ ಹೊಗೆಯೇ ನಿಜವಾದ ಸೌದೆ.

ಇಷ್ಟು ಚೆಂದದ ಒಲೆಗೆ ಹಚ್ಚುವುದೇ ಕಷ್ಟ. ಮರ ಹೊತ್ತಿಕೊಳ್ಳೋಕೆ ಸುಮಾರು 250ರಿಂದ 300 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ಒತ್ತಿ ಗಟ್ಟಿ ಮಾಡಿದ ಪೆಲೆಟ್ಟು ಒಂದು ಬೆಂಕಿಕಡ್ಡಿಗೆ ಬಗ್ಗೋದಿಲ್ಲ. ಅದಕ್ಕೆ ಅತ್ತೆ ಸೀಮೆಎಣ್ಣೆ ಸುರಿದು ಹಚ್ಚುತ್ತಿದ್ದರು.

ಹೋದ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಒಲೆ ಆರಿತು, ಅನ್ನ ಇನ್ನೂ ಆಗಿರಲಿಲ್ಲ. ಹುಡುಗರು ತಟ್ಟೆ ಹಿಡಿದು ಕೂತಿದ್ದರು. ಅತ್ತೆ ಅವಸರದಲ್ಲಿ ಹೊಸ ಪೆಲೆಟ್ ಹಾಕಿ ಮತ್ತೆ ಎಣ್ಣೆ ಸುರಿದರು. ಅಡಿಯಲ್ಲಿ ಕೆಂಡ ಇತ್ತು. ಎಣ್ಣೆ ಬಿಳೀ ಆವಿಯಾಗಿ ಎದ್ದಿತು. ಹೊಗೆ ಅಂದುಕೊಂಡು ಕಡ್ಡಿ ಗೀರಿದರು. ಬೆಂಕಿ ಒಂದಾಳೆತ್ತರ ಎದ್ದು ಬಲಗೈ ಮೊಣಕೈವರೆಗೆ ಸುಟ್ಟಿತು. ಯಾರೋ ಪೇಸ್ಟ್ ಹಚ್ಚಿ ಅಂದರಂತೆ. ಪುಣ್ಯಕ್ಕೆ ಕೃಷಿ ಕಾಲೇಜಿನ ಒಬ್ಬ ಅಣ್ಣ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಸಿ, ಆಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಎರಡು ತಿಂಗಳು ಮೆಸ್ಸಿನ ಅಡುಗೆ ನಮ್ಮಮ್ಮನೇ ಹೋಗಿ ಮಾಡಿದ್ದು. ಸುಟ್ಟ ಜಾಗದ ಚರ್ಮ ಈಗಲೂ ಎಳೆದ ಹಾಗಿದೆ.

"ಇನ್ನು ಈ ಮನೇಲಿ ಎಣ್ಣೆ ಡಬ್ಬ ಇರಬಾರದು ಮಾರಾಯ್ತಿ" ಅಂದರು ಮಾವ. ಅವರು ಮೊಬೈಲಿನಲ್ಲಿ ವಿದೇಶದ ಪೆಲೆಟ್ ಒಲೆ ನೋಡಿದ್ದರು. ಗುಂಡಿ ಒತ್ತಿದರೆ ಒಲೆ ತಾನೇ ಹೊತ್ತಿಕೊಳ್ಳುತ್ತೆ, ರಾಡು ತಳದಲ್ಲಿ ಇರುತ್ತೆ. ಸರಿ, ವೆಲ್ಡಿಂಗ್ ಶಾಪಿನಲ್ಲಿ ಜಾಲರಿಯ ಹತ್ತಿರ ತೂತು ಕೊರೆಸಿ 300 ವಾಟಿನ ರಾಡು ಕೂರಿಸಿದರು. ಸ್ವಿಚ್ ಹಾಕಿ ಹತ್ತು ನಿಮಿಷಕ್ಕೆ ಅಡುಗೆಮನೆ ತುಂಬ ಹಳದಿ ಹೊಗೆ! ಎಲ್ಲರೂ ಕೆಮ್ಮುತ್ತಾ ರಸ್ತೆಗೆ ಓಡಿದೆವು.

ಕಾರಣ ಯೋಚಿಸಿ ನೋಡಿ. ಚಳಿ ದೇಶದ ಒಲೆಯಲ್ಲಿ ಒಂದು ತಿರುಪು ಸುತ್ತುತ್ತಾ ಪುಟ್ಟ ಬಟ್ಟಲಿಗೆ ಒಂದು ಹಿಡಿಯಷ್ಟೇ ಪೆಲೆಟ್ ಉದುರಿಸುತ್ತೆ. ಅಷ್ಟಕ್ಕೆ ಕೆಳಗಿಂದ ಹಚ್ಚಿದರೂ ನಡೆಯುತ್ತೆ. ನಮ್ಮದರಲ್ಲಿ ನಾಲ್ಕು ಕೆ.ಜಿ. ಒಟ್ಟಿಗೇ ಇದೆ. ಕೆಳಗೆ ಹಚ್ಚಿದರೆ ಹೊಗೆ ತಣ್ಣಗಿರುವ ಪೆಲೆಟ್ಟಿನ ನಡುವೆ ನುಸುಳಿ ಬರುತ್ತೆ. ಮೇಲೆ ಕೆಂಡವೂ ಇಲ್ಲ, ಜ್ವಾಲೆಯೂ ಇಲ್ಲ. ಸುಡೋರು ಯಾರು? ರಾಡಿನದು ತಪ್ಪಲ್ಲ, ಅದು ಕೂತ ಜಾಗ ತಪ್ಪು.

ಎರಡನೇ ಸಲ ಎಂಜಿನಿಯರಿಂಗ್ ಓದುವ ಊಟದ ಹುಡುಗರೇ ಕೂತು ಚಿತ್ರ ಬರೆದುಕೊಟ್ಟರು. ಕೆಳಗಿನ ತೂತು ಮುಚ್ಚಿಸಿ, ಪೆಲೆಟ್ ತುಂಬುವ ಗೆರೆಯ ಮಟ್ಟಕ್ಕೆ, ಗಾಳಿ ತೂತುಗಳಿಗಿಂತ ಸ್ವಲ್ಪ ಕೆಳಗೆ, ಬೇರೆ ತೂತು ಮಾಡಿಸಿದರು. ಅದಕ್ಕೊಂದು ಸ್ಟೀಲ್ ಪೈಪು, ಪೈಪಿನೊಳಗೆ ರಾಡು, ಬ್ಲೋಯರಿನಿಂದ ಪೈಪಿಗೆ ಸಣ್ಣ ಗಾಳಿ. ಗಾಳಿ ರಾಡಿನ ಮೇಲೆ ಹರಿದು ಕಾದು ಪೆಲೆಟ್ಟಿನ ಮೇಲೆ ಬೀಳುತ್ತೆ. ನಮ್ಮಜ್ಜಿಯ ಊದುಗೊಳವೆಗೇ ಹೀಟರ್ ಹಾಕಿದ ಹಾಗೆ. ಜೋರಾಗಿ ಊದಿದರೆ ಹೊತ್ತಿದ್ದೂ ಆರುತ್ತೆ ಅನ್ನೋದು ಅಜ್ಜಿಗೆ ಗೊತ್ತಿತ್ತು, ನಮಗೆ ಮೂರು ಸಲ ಆರಿದ ಮೇಲೆ ಗೊತ್ತಾಯಿತು. ಈಗ ಹೊತ್ತುವ ತನಕ ಬ್ಲೋಯರ್ ಸಣ್ಣಕ್ಕೆ ಇಡುತ್ತಾರೆ. ನಾಲ್ಕು ನಿಮಿಷ ತೆಳು ಹೊಗೆ, ಐದನೇ ನಿಮಿಷಕ್ಕೆ ಜ್ವಾಲೆ.

ಹೊತ್ತಿದ ಮೇಲೆ ರಾಡಿಗೆ ಕರೆಂಟ್ ನಿಲ್ಲಲೇಬೇಕು. ಮೊದಲ ರಾಡು ಸುಟ್ಟುಹೋಗಿದ್ದು ಮಾವ ಆಫ್ ಮಾಡೋದು ಮರೆತಿದ್ದಕ್ಕೆ. ಈಗ ಟೈಮರ್ ಇದೆ. ಬ್ಲೋಯರ್ ತಿರುಗದಿದ್ದರೆ ರಾಡಿಗೆ ಕರೆಂಟೇ ಹೋಗದ ಹಾಗೆ ವೈರಿಂಗ್ ಮಾಡಿದ್ದಾರೆ, ಯಾಕಂದರೆ ಗಾಳಿ ಇಲ್ಲದೆ ರಾಡು ತನ್ನನ್ನೇ ಸುಟ್ಟುಕೊಳ್ಳುತ್ತೆ. ಒಲೆಯ ಮೈ ಕಬ್ಬಿಣವಾದ್ದರಿಂದ ಅರ್ಥಿಂಗ್ ಕೊಡಿಸಿದ್ದಾರೆ. ವೈರಿಂಗ್ ಎಲ್ಲ ಎಲೆಕ್ಟ್ರಿಷಿಯನ್ ಮಾಡಿದ್ದು. ನೀವು ಮನೆಯಲ್ಲಿ ನೀರು ಕಾಯಿಸುವ ರಾಡು ತಂದು ಪ್ರಯೋಗ ಮಾಡಬೇಡಿ.

ಕರೆಂಟ್ ಬಿಲ್ ಜಾಸ್ತಿ ಆಗಲ್ವಾ ಅಂತ ಅತ್ತೆ ಕೇಳಿದರು. ಲೆಕ್ಕ ನಾನೇ ಮಾಡಿದೆ. 300 ವಾಟ್, 5 ನಿಮಿಷ. 300ನ್ನು 5ರಿಂದ ಗುಣಿಸಿ 60ರಿಂದ ಭಾಗಿಸಿದರೆ 25 ವಾಟ್-ಅವರ್. ಒಂದು ಯೂನಿಟ್ ಅಂದರೆ 1000 ವಾಟ್-ಅವರ್. ಹಾಗಾದರೆ 40 ಸಲ ಹಚ್ಚಿದರೆ ಒಂದು ಯೂನಿಟ್. ದಿನಕ್ಕೆ ಎರಡು ಸಲದಂತೆ ಇಪ್ಪತ್ತು ದಿನ!

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಪೈಪಿನ ಬಾಯಿಗೆ ಬೂದಿ ಕಟ್ಟುತ್ತೆ, ದಿನಾ ಬೆಳಿಗ್ಗೆ ಒಲೆ ತಣ್ಣಗಿದ್ದಾಗ ಉಜ್ಜಬೇಕು. ಮಳೆಗಾಲದಲ್ಲಿ ಪೆಲೆಟ್ ತೇವ ಎಳೆದು ಉಬ್ಬಿ ಪುಡಿಯಾಗುತ್ತೆ, ಅಂಥದ್ದಕ್ಕೆ ಯಾವ ರಾಡೂ ಸಾಲದು. ಚೀಲವನ್ನು ಮಣೆಯ ಮೇಲಿಟ್ಟು ಬಾಯಿ ಕಟ್ಟುತ್ತಾರೆ. ಒಲೆ ಉರಿಯುವಾಗ ಕರೆಂಟ್ ಹೋದರೆ ಬ್ಲೋಯರ್ ನಿಂತು ಹೊಗೆ ಸುರುವಾಗುತ್ತೆ. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ಆ ಅನಿಲಕ್ಕೆ ವಾಸನೆ ಇಲ್ಲ, ಆದರೆ ಜೀವ ತೆಗೆಯುತ್ತೆ. ಅದಕ್ಕೆ ಬ್ಲೋಯರನ್ನು ಇನ್ವರ್ಟರಿಗೆ ಹಾಕಿದ್ದಾರೆ, ಕಿಟಕಿ ಯಾವಾಗಲೂ ತೆಗೆದೇ ಇರುತ್ತೆ. ಹೊತ್ತಿಸುವಾಗಲೇ ಕರೆಂಟ್ ಇಲ್ಲದಿದ್ದರೆ ಒಣ ತೆಂಗಿನ ನಾರು ಇಟ್ಟು ಕಡ್ಡಿ ಗೀರುತ್ತಾರೆ. ಆ ದಿನ ಕಡ್ಡಿ ಗೀರುವವರು ಮಾವ, ಅತ್ತೆ ಬಾಗಿಲ ಹೊರಗೆ ನಿಂತಿರುತ್ತಾರೆ.

ನೋಡಬೇಕು ಅನ್ನುವವರು ಶನಿವಾರ ನನ್ನ ಜೊತೆ ಬನ್ನಿ. ಸಂಜೆ ಆರಕ್ಕೆ ಒಲೆ ಹಚ್ಚುತ್ತಾರೆ. ನಾಲ್ಕೈದು ಜನಕ್ಕಿಂತ ಜಾಸ್ತಿ ಕರ್ಕೊಂಡು ಬರಬೇಡ ಅಂತ ಅತ್ತೆ ಹೇಳಿದ್ದಾರೆ.